ಕಪ್ಪಾದ ಪರದೆಯಲ್ಲಿ ಮೂರನೆಯವಳು

ಇದು ಎಲ್ಲೋ ಕೇಳಿದ ಕತೆಯಲ್ಲ. ಶಿರಾದಲ್ಲಿ ನಮ್ಮ ಪಕ್ಕದ ಮನೆ ಸುಮೈರಾಗೆ ಆದದ್ದು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಗಟ್ಟಿ ಹೆಣ್ಣು. ಅವಳು ಹೆದರಿದ್ದನ್ನು ಯಾರೂ ನೋಡಿರಲಿಲ್ಲ... ಆವತ್ತಿನವರೆಗೆ.

ಪಟ್ಟನಾಯಕನಹಳ್ಳಿಯಿಂದ ಒಳಗಿರೋ ಒಂದು ಹಳ್ಳಿ. ಅಲ್ಲಿಂದ ರಾಧಾಮಣಿ ಅನ್ನೋ ಹೆಂಗಸು ಸುಮೈರಾಗೆ ಫೋನ್ ಮಾಡಿ ಅತ್ತಿದ್ದರು. ಮಗಳು ಬಿಂದುಶ್ರೀ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಮಳೆ ಹೊಯ್ದು ಬಾವಿಗಳೆಲ್ಲ ತುಂಬಿದ್ದ ಕಾಲ. ಊರಾಚೆಯ ಬಾವಿಗೆ ಕಾಲು ಜಾರಿ ಬಿದ್ದಳು. ಮೊಬೈಲೂ ಅವಳ ಜೊತೆಗೇ ಮುಳುಗಿತು. ಫೋಟೋ ಅಂತ ಉಳಿದಿದ್ದು ಅವಳ ಕಂಪ್ಯೂಟರಿನಲ್ಲಿ ಮಾತ್ರ. ಯಾರೋ ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ ಮೇಲೆ ಪರದೆ ಹಾಳಾಗಿತ್ತು.

"ನಾಳೆ ವರ್ಷದ ಕಾರ್ಯ ಕಣಮ್ಮ. ಎಡೆ ಮುಂದೆ ಇಕ್ಕಾಕೆ ಮಗೀದೊಂದು ಫೋಟೋ ಬೇಕು."

ಬಸ್ಸು ತಡವಾಯಿತು. ಸುಮೈರಾ ಇಳಿದಾಗ ಪೂರ್ತಿ ಕತ್ತಲೆ. ದಾರಿ ಆ ಬಾವಿಯ ಪಕ್ಕದಲ್ಲೇ ಹೋಗುತ್ತೆ. ಅಲ್ಲಿಗೆ ಬರುತ್ತಿದ್ದ ಹಾಗೆ ಒಳಗಿಂದ ಸದ್ದು. ಕಪ್ಪೆ ನೆಗೆದದ್ದಲ್ಲ, ಕಲ್ಲು ಬಿದ್ದದ್ದೂ ಅಲ್ಲ. ಒದ್ದೆ ಬಟ್ಟೆಯನ್ನು ಮೆಟ್ಟಿಲ ಮೇಲೆ ಎಳೆದ ಹಾಗೆ. ಸರ್... ಸರ್... ಸ್ವಲ್ಪ ತಡೆದು, ಮತ್ತೆ ಸರ್... ಮೊಬೈಲಿನ ಟಾರ್ಚ್ ಹಾಕಿದಳು. ಸದ್ದು ನಿಂತಿತು. ತಿರುಗಿ ನೋಡದೆ ಬಿರಬಿರನೆ ನಡೆದಳು.

ಮನೆಯಲ್ಲಿ ರಾಧಾಮಣಿ ಒಬ್ಬರೇ. ಕಂಪ್ಯೂಟರಿಟ್ಟ ಕೋಣೆಯ ಮೂಲೆಯಲ್ಲಿ, ನೆಲದ ಮೇಲೆ ಮುದ್ದೆ ಸಾರು ಬಡಿಸಿದ ತಟ್ಟೆ.

"ಯಾರಿಗಮ್ಮಾ ಇದು?"

"ಇರ್ಲಿ ಬುಡವ್ವ. ನೀನು ನಿನ್ ಕೆಲ್ಸ ನೋಡು."

ಸುಮೈರಾ ಪರದೆ ಹಚ್ಚಿದಳು. ಅಕ್ಷರಗಳೆಲ್ಲ ದಪ್ಪ ದಪ್ಪ, ಅಡ್ಡಡ್ಡ ಹಸಿರು ಗೆರೆ. ಬಿಂದುಶ್ರೀಯ ಫೋಟೋ ತೆಗೆದರೆ ಮುಖ ಯಾವುದು, ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ. ಪರದೆಗೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಡ್ರೈವರನ್ನು ಬೇರೆ ಯಾವುದೋ ಕಾರ್ಡಿನದು ಹಾಕಿಬಿಟ್ಟಿದ್ದರು. ಸುಮೈರಾ ಅದನ್ನು ತೆಗೆದುಹಾಕಿದಳು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಕಾರ್ಡಿನ ಹೆಸರು ಓದಿಕೊಂಡಳು. ಮೊಬೈಲಿನ ನೆಟ್ ಕೊಟ್ಟು, ಆ ಕಾರ್ಡಿಗೆ ಸರಿಯಾದ ಡ್ರೈವರನ್ನೇ ಇಳಿಸಿ, ಹಾಕೋಕೆ ಬಿಟ್ಟಳು.

ಡ್ರೈವರ್ ಕೂರುವಾಗ ಪರದೆ ಒಂದು ಗಳಿಗೆ ಆರಿಹೋಗುತ್ತೆ. ಅದು ಮಾಮೂಲಿ. ಪರದೆ ಕಪ್ಪಾಯಿತು.

ಆ ಕಪ್ಪು ಗಾಜಿನಲ್ಲಿ ಸುಮೈರಾ ಕಂಡಳು. ಪಕ್ಕದಲ್ಲಿ ರಾಧಾಮಣಿ. ಇಬ್ಬರ ನಡುವೆ, ಹಿಂದೆ... ತಲೆ ತಗ್ಗಿಸಿ ನಿಂತ ಇನ್ನೊಬ್ಬಳು. ಕೂದಲೆಲ್ಲ ಮುಂದಕ್ಕೆ ಇಳಿಬಿದ್ದಿತ್ತು. ನೆಲಕ್ಕೆ ನೀರು ತೊಟ್ಟಿಕ್ಕುವ ಸದ್ದು. ಟಪ್... ಟಪ್...

ಸುಮೈರಾ ತಿರುಗಲು ಹೋದಳು. ರಾಧಾಮಣಿ ಅವಳ ಮಣಿಕಟ್ಟು ಹಿಡಿದರು.

"ತಿರುಗ್ಬೇಡ ಕಣಮ್ಮ," ಪಿಸುಗುಟ್ಟಿದರು. "ತಿರುಗಿದ್ರೆ ಹೊಂಟೋಯ್ತಾಳೆ. ನನ್ ಮಗಳು... ದಿನಾ ಬತ್ತಾಳೆ. ಪರದೆ ಆರಿದಾಗ ಮಾತ್ರ ಕಾಣ್ತಾಳೆ. ಇಲ್ಲೀಗಂಟ ಒಂದು ದಿನಾನೂ ಮುಖ ಎತ್ತಿಲ್ಲ."

ಸುಮೈರಾಗೆ ಕಣ್ಣು ಮುಚ್ಚೋಣ ಅಂದರೆ ರೆಪ್ಪೆ ಬೀಳಲಿಲ್ಲ.

ಗಾಜಿನೊಳಗಿನ ತಲೆ ಮೆಲ್ಲಗೆ ಮೇಲೆದ್ದಿತು. ಕೂದಲ ಸಂದಿಯಲ್ಲಿ ಉದ್ದನೆಯ ಮುಖ, ಬತ್ತಿದ ಕೆನ್ನೆ.

ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಉಗುರು ಚರ್ಮಕ್ಕಿಳಿಯಿತು. ಅಷ್ಟರಲ್ಲಿ ಪರದೆ ಫಳ್ಳನೆ ಹತ್ತಿಕೊಂಡಿತು. ಗೆರೆ ಇಲ್ಲ, ಮಸುಕಿಲ್ಲ. ಬಿಂದುಶ್ರೀ ಪರದೆ ತುಂಬ ನಗುತ್ತಿದ್ದಳು. ದುಂಡು ಮುಖ, ಕೆನ್ನೆಯಲ್ಲಿ ಗುಳಿ.

ರಾಧಾಮಣಿ ಅಳಲಿಲ್ಲ. ಫೋಟೋವನ್ನೇ ನೋಡುತ್ತಾ ಕೂತರು.

"ಇವ್ಳು ನನ್ ಮಗಳು," ಅಂದರು. ಆಮೇಲೆ ಮೂಲೆಯ ತಟ್ಟೆಯ ಕಡೆ ಕೈ ತೋರಿಸಿದರು. "ಅಂಗಾರೆ... ಇಷ್ಟು ದಿನ ನಾನು ಯಾರ್ಗೆ ಉಣ್ಣಾಕಿಕ್ದೆ?"

ಹಿಂದೆ, ಮೂಲೆಯಲ್ಲಿ, ತಟ್ಟೆ ನೆಲಕ್ಕೆ ಉಜ್ಜಿ ಸರಿಯಿತು. ಗರ್ರ್...

ಸುಮೈರಾ ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡದ್ದು ಹೇಗೋ ಅವಳಿಗೇ ನೆನಪಿಲ್ಲ. ಇಬ್ಬರೂ ಬೆಳಗಾಗುವವರೆಗೆ ಪಕ್ಕದ ಮನೆ ರಾಮಾಂಜಿನಮ್ಮನ ನಡುಮನೆಯಲ್ಲಿ ದೀಪ ಆರಿಸದೆ ಕೂತಿದ್ದರು. ಕಾರ್ಯ ನಡೆಯಿತು. ಅದಾದ ಮೇಲೆ ರಾಧಾಮಣಿ ಕೊರಟಗೆರೆಯ ತಂಗಿ ಮನೆಗೆ ಹೋದವರು ವಾಪಸ್ಸು ಬಂದಿಲ್ಲ. ಕಂಪ್ಯೂಟರ್ ಅಲ್ಲೇ ಇದೆ. ತರೋಕೆ ಯಾರೂ ಹೋಗಲಿಲ್ಲ.

ನಂಬದಿದ್ದರೆ ಸುಮೈರಾಳ ಅಂಗಡಿಗೆ ಹೋಗಿ ನೋಡಿ. ಸಂಜೆ ಶಟರ್ ಎಳೆಯುವ ಮುಂಚೆ, ರಿಪೇರಿಗೆ ಬಂದ ಮಾನಿಟರುಗಳನ್ನೆಲ್ಲ ಗೋಡೆಗೆ ಮುಖ ಮಾಡಿಸಿ ಇಡುತ್ತಾಳೆ. ಬೆಳಗ್ಗೆ ಬಂದು ನೋಡಿದರೆ ಬೀಗ ಹಾಕಿದ ಹಾಗೇ ಇರುತ್ತೆ. ಶಟರ್ ಎತ್ತಿದರೆ, ಒಳಗೆ ಒಂದು ಮಾನಿಟರ್ ಮಾತ್ರ ರಸ್ತೆ ಕಡೆಗೆ ತಿರುಗಿರುತ್ತೆ. ಸುಳ್ಳಲ್ಲ... ಬೀದಿಯವರೆಲ್ಲ ನೋಡಿದ್ದಾರೆ.