ಸಾಕ್ ಮಾಡ್ರಿ

ಇಂಡಿಯಿಂದ ಝಳಕಿಗೆ ಹೊರಟಿದ್ದ ಬಸ್ಸಿನಲ್ಲಿ ಶ್ರೀಶೈಲನಿಗೆ ಕಾಲು ಅಲುಗಿಸಲೂ ಜಾಗವಿರಲಿಲ್ಲ. ಮುಂದಿನ ಸೀಟಿನಲ್ಲಿ ಅಕ್ಕತಂಗಿಯರಿಬ್ಬರು ಮಾತಾಡುತ್ತಿದ್ದರು. ತಂಗಿಯ ಹೆಗಲ ಮೇಲೆ ಕೂಸು ಮಲಗಿತ್ತು.

“ಮನ್ಯಾಗ ಮಾತ ಬಿಟ್ಟೀಯಂತ. ನಿನ್ನ ಗಂಡ ಫೋನ್ ಮಾಡಿದ್ದ.”

“ಮಾತಾಡಿದ್ರ ರೆಕಾರ್ಡ್ ಮಾಡ್ತಾರಕ್ಕಾ.”

“ಡಿಜೆ ಹಾಡ ಮಾಡವರಿಗೆ ಅದ ಕೆಲಸ ಅಲ್ಲೇನ?”

“ಹೊಸಾ ಬೀಟ್ ಪ್ಯಾಡ್ ತಂದ ದಿನ ಕೂಸಿಗೆ ಜ್ವರ ಇತ್ತು. ಇವರು ಒಂದ ಸವನ ಬಡ್ಯಾಕತ್ತಿದ್ರು. ಅಳಕೋತ ಹೋಗಿ ‘ಸಾಕ್ ಮಾಡ್ರಿ’ ಅಂದೆ. ಮೈಕ್ ಚಾಲೂ ಇತ್ತು.”

“ಎಲ್ಲಾ ಮದಿವ್ಯಾಗ ಹಚ್ಚತಾರಲ್ಲ, ಆ ಹಾಡಿನಾಗಿನ ದನಿ ನಿಂದಾ? ಯಾರೋ ನಗಾಕತ್ತಾರ ಅಂತ ತಿಳಕೊಂಡಿದ್ದೆ.”

“ಅಳೂದನ್ನ ಕಟ್ ಮಾಡಿ ಎಕೋ ಹಾಕಿದ್ರ ಹಂಗ ಕೇಳಸ್ತೈತಿ.”

“ತಗದ ಹಾಕ್ರಿ ಅನಬೇಕಿತ್ತಲ್ಲ?”

“ಅಂದೆ. ಸಿಂದಗಿ, ಮುದ್ದೇಬಿಹಾಳ ಎಲ್ಲಾ ಕಡೆ ಹೋಗೇತಿ, ಇನ್ನ ಎಲ್ಲಿಂದ ತಗೀಲಿ ಅಂದ್ರು. ಈಗ ಖರೇನ ಸಾಕಾಗಿ ಸಾಕ್ ಮಾಡ್ರಿ ಅಂದ್ರೂ ಮನಿಮಂದಿ ಕುಣೀತಾರ.”

ಶ್ರೀಶೈಲ ಮೆಲ್ಲಗೆ ಕಿಸೆಗೆ ಕೈ ಹಾಕಲು ಹೆಣಗಿದ. ಪಕ್ಕದವನ ಚೀಲದಡಿ ಕೈ ಸಿಕ್ಕಿಕೊಂಡಿತ್ತು. ಈಗ ಯಾರೂ ಫೋನ್ ಮಾಡದಿರಲಿ ಎಂದುಕೊಂಡ.

ಬಸ್ಸು ನಿಂತಿತು. ಅಕ್ಕ ಮೊದಲು ಇಳಿದಳು. ತಂಗಿ ಮೆಟ್ಟಿಲ ಮೇಲಿದ್ದಾಗ ಅವನ ಕಿಸೆಯೊಳಗಿಂದ ಜೋರಾಗಿ ಬಂತು: ಸಾಕ್ ಮಾಡ್ರಿ, ಸಾಕ್ ಸಾಕ್ ಸಾಕ್ ಮಾಡ್ರಿ. ಹಿಂದಿನ ಸೀಟಿನವರು ಕಾಲು ಕುಟ್ಟತೊಡಗಿದರು.

ಅವಳು ತಿರುಗಿ ನೋಡಲಿಲ್ಲ. ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಇಳಿದು ಹೋದಳು.