ಎತ್ತಿನ ಕೊರಳಿನ ರಸೀದಿ

ಭಕ್ತರೇ, ಒಂದೂರು ಅಂತ ಇಟ್ಟುಕೊಳ್ಳಿ. ನಮ್ಮೂರಲ್ಲ, ಗಾಬರಿಯಾಗಬೇಡಿ. ಅಲ್ಲೊಬ್ಬ ಸಾಹುಕಾರ. ಹತ್ತೆಕರೆ ಕಬ್ಬು, ಸ್ವಂತ ಆಲೆಮನೆ, ಕೈಯಲ್ಲಿ ಸದಾ ಒಂದು ಚಾಟಿ. ಒಂದು ಗಾಡಿಗೆ ಎರಡು ಗಾಡಿಯ ಕಬ್ಬು ಹೇರಿದ. ಕೆರೆ ಏರಿ ಹತ್ತುವಾಗ ಮುಗ್ಗರಿಸಿದ ಎತ್ತಿಗೆ ಚರ್ಮ ಸುಲಿಯುವಂತೆ ಬಾರಿಸಿದ. ಕೇಸಾಯಿತು. ನ್ಯಾಯಾಧೀಶರು ಕಾನೂನಿನ ಪುಸ್ತಕ ನೋಡಿ ಐವತ್ತು ರೂಪಾಯಿ ದಂಡ ಹಾಕಿದರು.

ಐವತ್ತು! ನೋಡಿ, ಅವನು ಕ್ಷೌರಕ್ಕೇ ಅದಕ್ಕಿಂತ ಹೆಚ್ಚು ಕೊಡುತ್ತಿದ್ದ. ದಂಡ ಕಟ್ಟಿ, ರಸೀದಿ ಜೇಬಿಗಿಟ್ಟುಕೊಂಡು ಬರುತ್ತಿದ್ದವನಿಗೆ ದಾರಿಯಲ್ಲೊಂದು ಯೋಚನೆ ಬಂತು. ವರ್ಷವರ್ಷ ಕಂದಾಯ ಕಟ್ಟುತ್ತೇನೆ, ರಸೀದಿ ಕೊಡುತ್ತಾರೆ, ಹೊಲ ಉಳುತ್ತೇನೆ. ಈಗ ದಂಡ ಕಟ್ಟಿದ್ದೇನೆ, ರಸೀದಿ ಕೊಟ್ಟಿದ್ದಾರೆ. ಹಾಗಾದರೆ?

ರಸೀದಿಗೆ ಲ್ಯಾಮಿನೇಷನ್ ಮಾಡಿಸಿ ಎತ್ತಿನ ಕೊರಳಿಗೆ ಕಟ್ಟಿದ.

"ಇದೇನ್ರೀ ಇದು?" ಎಂದಳು ಹೆಂಡತಿ.

"ಒಡ್ಯಾಕೆ ಲೈಸನ್ಸು ಕಣೆ. ಈ ವರ್ಸದ್ದು ಕಟ್ಟಿವ್ನಿ."

"ಎತ್ಗೆ ಓದಕ್ಕೆ ಬತ್ತದಾ?"

"ಎತ್ಗಲ್ಲ, ಪೊಲೀಸ್ನೋರ್ಗೆ!"

ನಿಯತ್ತಿನ ಮನುಷ್ಯ ನೋಡಿ, ಪ್ರತಿಸಲ ಹೊಡೆಯುವ ಮೊದಲು ರಸೀದಿಯ ಧೂಳು ಒರೆಸುತ್ತಿದ್ದ. ತಿಂಗಳಾಯಿತು. ಅದೇ ಏರಿಯ ಮೇಲೆ ಎತ್ತಿಗೆ ಬಾರಿಸುತ್ತಿದ್ದಾಗ ಪೇದೆಯೊಬ್ಬ ಗಾಡಿ ತಡೆದ. ಸಾಹುಕಾರ ಎದೆಯುಬ್ಬಿಸಿ, "ನೋಡ್ಕೊಳಿ ಸ್ವಾಮಿ, ದಂಡ ಕಟ್ಟಿವ್ನಿ," ಎಂದ.

ಪೇದೆ ಕನ್ನಡಕ ಏರಿಸಿ ಹೆಸರು, ತಾರೀಖು, ಅಪರಾಧ ಎಲ್ಲ ಓದಿದ. "ಯಜಮಾನ್ರೇ, ಇದು ಎರಡ್ನೇ ಸಲ ಅಂತ ರುಜುವಾತು ಮಾಡಕೆ ನಾವು ಹಳೇ ಕಡತ ಹುಡುಕಿ ಸಾಯ್ತೀವಿ. ನೀವು ಎತ್ತಿನ ಕತ್ಗೇ ಕಟ್ಬುಟ್ಟಿದ್ದೀರಲ್ಲ!"

ಎರಡನೇ ತಪ್ಪಿಗೆ ಜೈಲೂ ಉಂಟು, ಎತ್ತು ಕೈತಪ್ಪುವುದೂ ಉಂಟು. ಅವನಿಗೆ ಎರಡೂ ಆಯಿತು. ಕಟಕಟೆಯಿಂದ ಇಳಿಯುವಾಗ ಕೈಮುಗಿದು ಕೇಳಿದನಂತೆ: "ಸ್ವಾಮಿ, ಜೈಲ್ಗೋಗಿ ಬಂದ್ಮೇಲೆ ಅದಕ್ಕೂ ಒಂದು ರಸೀದಿ ಕೊಡ್ತೀರಾ?"

ನಗುತ್ತಿದ್ದೀರಿ. ನಗಿ, ನಗಿ. ಆದರೆ ಇಂಥ ರಸೀದಿ ಇಟ್ಟುಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಸಂಕ್ರಾಂತಿಗೆ ಎತ್ತಿನ ಮೈ ತೊಳೆದಿರಿ, ಕೊಂಬಿಗೆ ಬಣ್ಣ ಹಚ್ಚಿದಿರಿ, ಬಾಯಿಗೆ ಹುಗ್ಗಿ ಇಟ್ಟಿರಿ. ಅದು ಪೂಜೆಯೋ, ಉಳಿದ ದಿನಗಳ ಹೊಡೆತಕ್ಕೆ ಕಟ್ಟಿದ ಮುಂಗಡವೋ? ಐವತ್ತು ರೂಪಾಯಿಗೆ ಹೆದರಿ ಕೈ ತಡೆಯುವವನು, ಜೇಬಿನಲ್ಲಿ ಐವತ್ತೊಂದು ಇದ್ದ ದಿನ ಹೊಡೆದೇ ಹೊಡೆಯುತ್ತಾನೆ.

ಗುಡಿಯ ಹೊರಗೆ ಹುಣಸೆಮರದ ಕೆಳಗೆ ನಿಮ್ಮ ಗಾಡಿಗಳು ನಿಂತಿವೆ. ನಾಳೆಯಿಂದ ಹೇರು ಇಳಿಸಿ. ದಿಬ್ಬ ಬಂದರೆ ಇಳಿದು ಚಕ್ರಕ್ಕೆ ಹೆಗಲು ಕೊಡಿ. ಬಾರುಗೋಲಿನ ತುದಿಗೆ ಮೊಳೆ ಹೊಡೆದಿದ್ದೀರಲ್ಲ, ಅದಕ್ಕೆ ಮಾತ್ರ ನಾಳೆಯವರೆಗೆ ಕಾಯಬೇಡಿ. ಬಾಗಿಲ ಹತ್ತಿರ ಇಕ್ಕಳ ಇಡಿಸಿದ್ದೇನೆ. ಮೊಳೆ ಕಿತ್ತು ಬಂದವರಿಗೆ ಪ್ರಸಾದ.