ಎಡಗೈಯ ನಕ್ಷತ್ರ

ಫಿಲಿಪೀನ್ಸಿನ ಇಲೋಇಲೊ ಪೇಟೆಯಲ್ಲಿ, ಊರವರನ್ನೆಲ್ಲ ಹೊತ್ತೊಯ್ಯುವ ಜೀಪ್ನಿ ಗಾಡಿಗೆ ಕಾಯುವ ಸಾಲಿನಲ್ಲಿ, ಒಣಮೀನಿನ ಬುಟ್ಟಿ ಹಿಡಿದ ರೊಸೆಂಡಾಳ ಮುಂದೆ ಇಬ್ಬರು ಟೀಚರುಗಳು ನಿಂತಿದ್ದರು. ಕಿರಿಯವಳು ಜೊವೆಲಿನ್, ರೊಸೆಂಡಾಳ ಮಗಳಿಗೆ ಪಾಠ ಹೇಳುವವಳು. ವಾಸನೆಗೆ ಕರ್ಚೀಫು ಮೂಗಿಗೆ ಒತ್ತಿಕೊಂಡಳೇ ಹೊರತು, ಬುಟ್ಟಿ ಯಾರದೆಂದು ತಿರುಗಿ ನೋಡುವ ಗೋಜಿಗೆ ಹೋಗಲಿಲ್ಲ.

"ನಾಳೆ ಇನ್‌ಸ್ಪೆಕ್ಟರ್ ಬರ್ತಾರಲ್ಲೇ, ನಿನ್ನ ಕ್ಲಾಸು ರೆಡಿನಾ?" ಎಂದಳು ಹಿರಿಯ ಟೀಚರು ಲಿಗಾಯಾ.

"ಓಹೋ! ಪ್ರಶ್ನೆ ಕೇಳಿದ ತಕ್ಷಣ ನಲವತ್ತು ಮಕ್ಕಳ ಕೈನೂ ಮೇಲೆ."

"ಆ ದಡ್ಡಮುಂಡೇವಕ್ಕೆ ಉತ್ತರ ಎಲ್ಲಿ ಬರುತ್ತೆ?"

"ಉತ್ತರ ಯಾರಿಗೆ ಬೇಕು ಮೇಡಂ? ಗೊತ್ತಿರೋರು ಬಲಗೈ ಎತ್ತಬೇಕು, ಗೊತ್ತಿಲ್ದೇ ಇರೋರು ಎಡಗೈ. ನಾನು ಬಲಗೈಯವರನ್ನೇ ಕೇಳ್ತೀನಿ."

"ಎಡಗೈಯವು ಮರೆತು ಸುಮ್ನೆ ಕೂತ್ಬಿಟ್ರೆ?"

"ಕೂರಲ್ಲ. ಒಂದು ವಾರದಿಂದ ಎತ್ತಿದ ಕೈಗೆಲ್ಲಾ ನಕ್ಷತ್ರದ ಮುದ್ರೆ ಒತ್ತಿದೀನಿ. ಸರ್ಕಸ್ ನಾಯಿಗೆ ಬಿಸ್ಕತ್ತು ಹಾಕಿದ ಹಾಗೆ."

"ಮೊನ್ನೆ ತರಬೇತೀಲಿ ಬೇರೆ ಹೇಳಿದ್ರಪ್ಪ. ಮಗು ಹೇಗೆ ಯೋಚಿಸುತ್ತೆ ಅಂತ ಮೊದ್ಲು ತಿಳ್ಕೊಳ್ಳಿ ಅಂತ."

"ಹೇಳಿದೋಳು ಒಂದು ದಿನ ನನ್ನ ಕ್ಲಾಸಲ್ಲಿ ನಿಂತು ನೋಡ್ಲಿ. ಮೀನು ಮಾರೋರ ಮಕ್ಕಳು ಏನು ಮಣ್ಣು ಯೋಚಿಸ್ತಾವೆ?"

ಜೀಪ್ನಿ ಬಂತು. ಇಬ್ಬರೂ ಕಿಸಕ್ಕನೆ ನಗುತ್ತಾ ಹತ್ತಿ ಹೋದರು.

ರೊಸೆಂಡಾ ಹತ್ತಲಿಲ್ಲ. ನಕ್ಷತ್ರ ಅಳಿಸಿ ಹೋದೀತೆಂದು ಅವಳು ವಾರದಿಂದ ಮಗಳ ಎಡಗೈಗೆ ನೀರು ತಾಗದ ಹಾಗೆ ಸ್ನಾನ ಮಾಡಿಸುತ್ತಿದ್ದಳು.